ಬಾಂಧವಪುರದ ಕಲ್ಲುಗಳು, ಬಂಧುಗಳಿಲ್ಲದ ಮಕ್ಕಳು

ಶಿಕಾರಿಪುರ ಮತ್ತು ಸೊರಬದ ಸೀಮೆಯಲ್ಲಿ, ಕಾಡು, ಕೆರೆ, ಗದ್ದೆಬಯಲುಗಳ ನಡುವೆ, ಬಂದಳಿಕೆ ಎಂಬ ಪುರಾತನ ಸ್ಥಳವಿದೆ. ಒಂದು ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರಕ್ಕೆ ಸೇರಿದ್ದ ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ಇದೇ ರಾಜಧಾನಿ. ಹಳೆಯ ಪಟ್ಟಣದ ಬೀದಿಗಳು ಎಂದೋ ಅಳಿದುಹೋಗಿವೆ. ಈಗ ಅಲ್ಲಿ ಕಾಣುವುದು ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ದೇಗುಲ, ಸೋಮೇಶ್ವರ ದೇಗುಲ, ಜನರು ಇಂದಿಗೂ ನಡೆದುಕೊಳ್ಳುವ ಬನಶಂಕರಿಯ ಗುಡಿ, ಮತ್ತು ಕಾಲವನ್ನು ಎದುರಿಸಿ ನಿಂತಿರುವ ಶಾಸನಗಳು, ವೀರಗಲ್ಲುಗಳು. ಶಾಸನಗಳಲ್ಲಿ ಈ ಊರಿನ ಹೆಸರು ಬಂದಣಿಕೆ ಎಂದು ಬರುತ್ತದೆ. ಸಂಸ್ಕೃತದ ರೂಪದಲ್ಲಿ ಬಾಂಧವಪುರ ಎಂದೂ ಕರೆದಿದ್ದಾರೆ. ಬಾಂಧವರ ಊರು ಎಂದು ಅದರ ಅರ್ಥ.

ಕೆಲವು ವರ್ಷಗಳ ಹಿಂದೆ ರಜೆಯ ದಿನಗಳಲ್ಲಿ ಒಂದು ವಿದ್ಯಾರ್ಥಿನಿಲಯದ ಮಕ್ಕಳನ್ನು ಕರೆದುಕೊಂಡು ನಾನು ಅಲ್ಲಿಗೆ ಹೋಗಿದ್ದೆ. ಗುರುಮಠದಲ್ಲಿ ಓದುತ್ತಿದ್ದ ದಿನಗಳಿಂದಲೂ ಇತಿಹಾಸವೆಂದರೆ ನನಗೆ ಅಕ್ಕರೆ. ಆದ್ದರಿಂದ ಒಂದು ವೀರಗಲ್ಲಿನ ಮುಂದೆ ನಿಂತು ಮಕ್ಕಳಿಗೆ ವಿವರಿಸಲು ತೊಡಗಿದೆ. ಕೆಳಗಿನ ಪಟ್ಟಿಕೆಯಲ್ಲಿ ವೀರನು ಹೋರಾಡುತ್ತಾನೆ, ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ, ಮೇಲಿನ ಪಟ್ಟಿಕೆಯಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿದ್ದಾನೆ ಎಂದು ಹೇಳಿದೆ. ಮಕ್ಕಳಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿದ್ದ. ತಂದೆತಾಯಿಯರನ್ನು ಕಳೆದುಕೊಂಡವನು. ಅವನು ಕಲ್ಲನ್ನು ಬಹಳ ಹೊತ್ತು ನೋಡಿ, "ಫಾದರ್, ಇವನಿಗೆ ಮಕ್ಕಳಿರಲಿಲ್ಲವೇ?" ಎಂದು ಕೇಳಿದ.

"ಇದ್ದಿರಬಹುದು ಮಗು" ಎಂದೆ.

"ಹಾಗಾದರೆ ಅವರು ಇದರಲ್ಲಿ ಎಲ್ಲಿದ್ದಾರೆ?"

ನನ್ನಲ್ಲಿ ಉತ್ತರವಿರಲಿಲ್ಲ. ಮೂರು ಪಟ್ಟಿಕೆಗಳಲ್ಲಿ ಎಲ್ಲಿಯೂ ಮಗುವಿನ ಚಿತ್ರವಿರಲಿಲ್ಲ. ಆ ಪ್ರಶ್ನೆ ನನ್ನನ್ನು ಬಿಡದೆ ಹಿಂಬಾಲಿಸಿತು. ಯುದ್ಧಗಳ ಇತಿಹಾಸವನ್ನು ಗೆದ್ದವರ ಮತ್ತು ಸತ್ತವರ ಕಡೆಯಿಂದ ಓದಿದ್ದ ನಾನು, ಉಳಿದುಹೋದವರ ಕಡೆಯಿಂದ ಮತ್ತೊಮ್ಮೆ ಓದಿದೆ. ಹಾಗೆ ಓದಿದಾಗ ಕಂಡ ಕೆಲವು ಸಂಗತಿಗಳನ್ನು, ಪ್ರಿಯ ಓದುಗರೇ, ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಯುದ್ಧದ ಊರುಗಳು

ಹಳಗನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮೂರು ಮಾತುಗಳಿವೆ: ತುರುಗೊಳ್, ಊರಳಿವು, ಪೆಣ್ಬುಯ್ಯಲ್. ಮೊದಲನೆಯದು ದನಗಳನ್ನು ಅಟ್ಟಿಕೊಂಡು ಹೋಗುವುದು, ಎರಡನೆಯದು ಊರೇ ಹಾಳಾಗುವುದು, ಮೂರನೆಯದು ಆಕ್ರಮಣಕ್ಕೆ ಸಿಕ್ಕಿದ ಹೆಣ್ಣುಮಕ್ಕಳ ಮೊರೆ. ಇಂತಹ ಸಂದರ್ಭಗಳಲ್ಲಿ ಕಾದಿ ಮಡಿದವರಿಗಾಗಿ ನೆಟ್ಟ ಕಲ್ಲುಗಳು ಶಿಕಾರಿಪುರ, ಸೊರಬ ತಾಲೂಕುಗಳ ಉದ್ದಗಲಕ್ಕೂ ಇವೆ. ಕೆರೆಯ ಏರಿಯ ಮೇಲೆ, ಗದ್ದೆಯ ಅಂಚಿನಲ್ಲಿ, ದೇವಸ್ಥಾನದ ಹಿಂದೆ ಅವುಗಳನ್ನು ನೀವೂ ಕಂಡಿರುತ್ತೀರಿ. ಇಂದು ನಾವು ಹಸುರಿನ ನಾಡೆಂದು ಕರೆಯುವ ಈ ಸೀಮೆ ಅನೇಕ ಶತಮಾನಗಳ ಕಾಲ ಗಡಿನಾಡಾಗಿತ್ತು, ಸೇನೆಗಳ ದಾರಿಯಾಗಿತ್ತು.

ಯುದ್ಧದಲ್ಲಿ ಮಕ್ಕಳ ಗತಿ ಏನಾಯಿತು ಎಂಬುದನ್ನು ಶಾಸನಗಳು ಪೂರ್ತಿಯಾಗಿ ಮರೆತಿಲ್ಲ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಹೊಟ್ಟೂರಿನಲ್ಲಿ 1007ರ ಶಾಸನವೊಂದಿದೆ. ಕಲ್ಯಾಣದ ಚಾಳುಕ್ಯರ ಸತ್ಯಾಶ್ರಯನ ಕಾಲದ್ದು. ಚೋಳರ ಸೇನೆ ಒಂಬತ್ತು ಲಕ್ಷ ಬಲದೊಡನೆ ನಾಡಿನೊಳಗೆ ನುಗ್ಗಿ, ಸ್ತ್ರೀಯರನ್ನೂ ಶಿಶುಗಳನ್ನೂ ಬ್ರಾಹ್ಮಣರನ್ನೂ ಕೊಂದು, ಹೆಣ್ಣುಮಕ್ಕಳನ್ನು ಸೆರೆಹಿಡಿದು, ನಾಡನ್ನು ಸೂರೆಗೈದಿತೆಂದೂ, ಸತ್ಯಾಶ್ರಯನು ಅದನ್ನು ಹಿಮ್ಮೆಟ್ಟಿಸಿದನೆಂದೂ ಅದು ಹೇಳುತ್ತದೆ. ಶತ್ರುವಿನ ಬಗ್ಗೆ ಬರೆದ ಮಾತಿನಲ್ಲಿ ಉತ್ಪ್ರೇಕ್ಷೆ ಇರುವುದು ಸಹಜ. ಒಂಬತ್ತು ಲಕ್ಷ ಎಂಬ ಸಂಖ್ಯೆಯನ್ನು ಯಾರೂ ಹಾಗೆಯೇ ನಂಬಬೇಕಾಗಿಲ್ಲ. ಆದರೆ ಸಾವಿರ ವರ್ಷಗಳ ಹಿಂದೆ ನಮ್ಮ ನೆರೆಯ ಊರಿನವರು ಯುದ್ಧದ ಅತ್ಯಂತ ದೊಡ್ಡ ಪಾತಕಗಳನ್ನು ಎಣಿಸಲು ಕುಳಿತಾಗ ಶಿಶುವಧೆಯನ್ನು ಆ ಪಟ್ಟಿಯಲ್ಲಿ ಬರೆದರು. ಮಕ್ಕಳ ಮೇಲೆ ಕೈಮಾಡುವುದು ಯುದ್ಧದಲ್ಲಿಯೂ ಸಲ್ಲದು ಎಂಬ ಭಾವನೆ ಅವರಲ್ಲಿತ್ತು.

ಹಾಗಾದರೆ ಕೊಲ್ಲಲ್ಪಡದೆ ಉಳಿದ ಮಕ್ಕಳಿಗೆ ಏನು ವ್ಯವಸ್ಥೆ ಇತ್ತು?

ನಾಡು ಕಂಡುಕೊಂಡ ದಾರಿಗಳು

ಮೊದಲನೆಯ ವ್ಯವಸ್ಥೆ ಭೂಮಿ. ಊರಿಗಾಗಿ ರಕ್ತ ಸುರಿಸಿದವನ ಮನೆಯವರಿಗೆ ಬಿಟ್ಟುಕೊಡುತ್ತಿದ್ದ ಜಮೀನನ್ನು ನೆತ್ತರುಗೊಡಗೆ ಎಂದು ಕರೆಯುತ್ತಿದ್ದರು. ಹೆಸರೇ ಅದರ ಬೆಲೆಯನ್ನು ಹೇಳುತ್ತದೆ. ಅದು ಒಂದು ದಿನದ ಅನ್ನವಲ್ಲ, ತಲೆಮಾರುಗಳಿಗೆ ಬರುವ ಗದ್ದೆ. ಸತ್ತವನ ಹೆಂಡತಿ ಮಕ್ಕಳು ಯಾರ ಮನೆಯ ಬಾಗಿಲಲ್ಲಿಯೂ ಕೈಯೊಡ್ಡದೆ ಬದುಕಲಿ ಎಂಬ ಎಚ್ಚರ ಅದರಲ್ಲಿತ್ತು. ವೀರಗಲ್ಲಿನ ಚಿತ್ರದಲ್ಲಿ ಮಗು ಇಲ್ಲದಿದ್ದರೂ ಕೆಲವು ಕಲ್ಲುಗಳ ಬರಹದ ಕೊನೆಯ ಸಾಲುಗಳಲ್ಲಿ, ಕೊಡಗೆಯ ಮಾತಿನಲ್ಲಿ, ಮಗುವಿನ ನೆರಳಾದರೂ ಇದೆ.

ಎರಡನೆಯದು ಬಂದಳಿಕೆಯದೇ ಕಥೆ. ರಾಷ್ಟ್ರಕೂಟ ದೊರೆ ಎರಡನೆಯ ಕೃಷ್ಣನ ಆಳ್ವಿಕೆಯಲ್ಲಿ, ಕ್ರಿ.ಶ. 911ರ ಸುಮಾರಿಗೆ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮರಣ ಹೊಂದಿದನು. ನಾಳ್ಗಾವುಂಡನೆಂದರೆ ನಾಡಿನ ಮುಖ್ಯಸ್ಥ. ಅವನ ಹುದ್ದೆಯನ್ನು ಅವನ ಪತ್ನಿ ಜಕ್ಕಿಯಬ್ಬೆಗೆ ಕೊಡಲಾಯಿತು. ಆಕೆ ಆಡಳಿತದಲ್ಲಿ ನಿಪುಣೆಯಾಗಿ, ನಾಗರಖಂಡವನ್ನು ಧೈರ್ಯದಿಂದ ಕಾಪಾಡಿದಳೆಂದು ಶಾಸನ ಹೊಗಳುತ್ತದೆ. ಸುಮಾರು ಏಳು ವರ್ಷಗಳ ನಂತರ, 918ರಲ್ಲಿ, ದೇಹಕ್ಕೆ ರೋಗ ಬಂದಾಗ ಆಕೆ ಮಗಳನ್ನು ಕರೆಸಿ ಅಧಿಕಾರವನ್ನು ಅವಳಿಗೆ ಒಪ್ಪಿಸಿದಳು. ಅನಂತರ ಬಂದಣಿಕೆಯ ಬಸದಿಗೆ ಬಂದು ಜೈನಧರ್ಮದ ಸಲ್ಲೇಖನ ವ್ರತದಿಂದ ಪ್ರಾಣಬಿಟ್ಟಳು.

ಈ ಶಾಸನವನ್ನು ವಿದ್ವಾಂಸರು ಮಹಿಳೆಯ ಆಡಳಿತಕ್ಕೆ ನಿದರ್ಶನವಾಗಿ ಹೇಳುವುದುಂಟು. ನನಗೆ ಆ ಹುಡುಗನ ಪ್ರಶ್ನೆಯ ನಂತರ ಅದರಲ್ಲಿ ಮಗಳು ಕಂಡಳು. ಮನೆಯ ಯಜಮಾನನು ಹೋದ ಮೇಲೆ ತಾಯಿಯನ್ನು ಅಬಲೆಯೆಂದು ಬದಿಗೆ ತಳ್ಳಿದ್ದರೆ ಆ ಮಗಳು ಅನಾಥಳಾಗುತ್ತಿದ್ದಳು. ತಾಯಿಯ ಕೈಗೆ ಹೊಣೆ ಕೊಟ್ಟಿದ್ದರಿಂದ ಮಗಳು ಹೊಣೆ ಹೊರಬಲ್ಲವಳಾಗಿ ಬೆಳೆದಳು. ವಿಧವೆಯ ಕೈಯನ್ನು ಬಲಪಡಿಸುವುದೇ ಮಗುವನ್ನು ಕಾಪಾಡುವ ನೇರವಾದ ದಾರಿ ಎಂಬುದು ಹತ್ತನೆಯ ಶತಮಾನದ ನಾಗರಖಂಡಕ್ಕೆ ತಿಳಿದಿತ್ತು.

ಆದರೆ ನೆತ್ತರುಗೊಡಗೆಯೂ ಹುದ್ದೆಯೂ ಹೆಸರುಳ್ಳ ಮನೆಗಳಿಗೆ ಸಿಗುವಂಥವು. ಹೆಸರಿಲ್ಲದ ಕಾಲಾಳುವಿನ ಮಗು? ಸುಟ್ಟುಹೋದ ಊರಿನಿಂದ ಓಡಿಬಂದ ಮಗು? ಅವರಿಗಾಗಿ ಮೂರನೆಯ ವ್ಯವಸ್ಥೆಯೊಂದಿತ್ತು. ಇದೇ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ, ಅಲ್ಲಮಪ್ರಭುವಿನ ಹುಟ್ಟೂರೆಂದು ಪ್ರಸಿದ್ಧವಾದ ಊರು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡು ಕಾಳಾಮುಖ ಶೈವರ ಕೋಡಿಯ ಮಠವಿತ್ತು. ಕಲಚುರಿ ಬಿಜ್ಜಳನ ಕಾಲದ 1162ರ ಶಾಸನ ಆ ಮಠವನ್ನು ದೀರ್ಘವಾಗಿ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನ, ಪುರಾಣಗಳನ್ನು ಕಲಿಸುವ ಸ್ಥಳ ಅದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಬೇರೆ ಬೇರೆ ಮತಗಳ ಸನ್ಯಾಸಿಗಳು, ನಾನಾ ದೇಶಗಳ ಭಿಕ್ಷುಕರು, ಎಲ್ಲರಿಗೂ ಅಲ್ಲಿ ಅನ್ನ ಸಿಗುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧ ಸಿಗುತ್ತಿತ್ತು. ಎಲ್ಲ ಜೀವಿಗಳಿಗೂ ಅದು ಅಭಯಸ್ಥಾನ ಎಂದು ಶಾಸನ ಹೇಳುತ್ತದೆ. ಯಾವ ಊರಿನವರು, ಯಾವ ಕುಲದವರು, ಯಾರ ಕಡೆಯವರು ಎಂದು ಕೇಳುವ ಮಾತು ಆ ಪಟ್ಟಿಯಲ್ಲಿಲ್ಲ.

ಜೈನರಲ್ಲಿ ನಾಲ್ಕು ಬಗೆಯ ದಾನಗಳನ್ನು ಹೇಳುತ್ತಾರೆ: ಆಹಾರ, ಔಷಧ, ಶಾಸ್ತ್ರ, ಅಭಯ. ಬಂದಣಿಕೆಯ ಬಸದಿಯ ಜನ ಈ ನಾಲ್ಕನ್ನು ಬಲ್ಲವರು. ಬಳ್ಳಿಗಾವಿಯ ಶೈವ ಮಠದ ಶಾಸನದಲ್ಲಿಯೂ ಈ ನಾಲ್ಕೂ ಇವೆ. ಮತ ಬೇರೆಯಾದರೂ ಒಂದೇ ಸೀಮೆಯ ಜನ ಕರುಣೆಯನ್ನು ಒಂದೇ ಅಳತೆಗೋಲಿನಿಂದ ಅಳೆದರು. ಈ ನಾಲ್ಕನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಅದರಲ್ಲಿಯೂ ಕೊನೆಯದನ್ನು.

ಶಿಕಾರಿಪುರದ ಕಾಳಗ ಮತ್ತು ನಾಲ್ಕು ವರ್ಷದ ಮಗು

ಈಗ ಆರು ಶತಮಾನಗಳನ್ನು ದಾಟಿ ಬರೋಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಆಗ ಅಲ್ಲಿನ ಸೆರೆಯಿಂದ ಹೊರಬಂದವರಲ್ಲಿ ಧೋಂಡಿಯ ವಾಘ್ ಒಬ್ಬ. ಚನ್ನಗಿರಿಯಲ್ಲಿ ಹುಟ್ಟಿದ ಮರಾಠ. ಚದುರಿಹೋಗಿದ್ದ ಸಿಪಾಯಿಗಳನ್ನು ಕೂಡಿಸಿಕೊಂಡು ಬಿದನೂರು ಸೀಮೆಯನ್ನು ಹಿಡಿದ, ಊರುಗಳನ್ನು ಸೂರೆಗೈದ. ತನ್ನನ್ನು ಉಭಯ ಲೋಕಗಳ ಒಡೆಯನೆಂದು ಕರೆದುಕೊಂಡ. 1799ರ ಆಗಸ್ಟ್ ತಿಂಗಳಲ್ಲಿ ಇಂಗ್ಲಿಷರ ಸೇನೆ ಶಿಕಾರಿಪುರದ ಬಳಿ ಅವನನ್ನು ಸೋಲಿಸಿತು, ಅಲ್ಲಿನ ಕೋಟೆಯನ್ನು ಹಿಡಿಯಿತು. ಧೋಂಡಿಯ ಉತ್ತರಕ್ಕೆ ಮರಾಠರ ಸೀಮೆಗೆ ತಪ್ಪಿಸಿಕೊಂಡ. ಮರುವರ್ಷ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಜಗತ್ಪ್ರಸಿದ್ಧನಾದವನು, ಅವನನ್ನು ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ಕೋಣಗಲ್ ಎಂಬಲ್ಲಿ ನಡೆದ ಕಾಳಗದಲ್ಲಿ ಕೊನೆಗಾಣಿಸಿದನು.

ಕಾಳಗ ಮುಗಿದ ಮೇಲೆ ಸೋತವರ ಸಾಮಾನು ಸರಂಜಾಮುಗಳ ನಡುವೆ ಒಬ್ಬ ಮಗು ಸಿಕ್ಕಿದನು. ಹೆಸರು ಸಲಾಬತ್ ಖಾನ್, ವಯಸ್ಸು ಸುಮಾರು ನಾಲ್ಕು. ಧೋಂಡಿಯನ ಸ್ವಂತ ಮಗನೆಂದೋ ಸಾಕುಮಗನೆಂದೋ ದಾಖಲೆಗಳು ಹೇಳುತ್ತವೆ. ಮಗುವನ್ನು ವೆಲ್ಲೆಸ್ಲಿಯ ಡೇರೆಗೆ ತಂದರು. ಆತ ಮಗುವಿನ ರಕ್ಷಣೆಯನ್ನು ತಾನೇ ವಹಿಸಿಕೊಂಡನು. 1805ರಲ್ಲಿ ಭಾರತವನ್ನು ಬಿಟ್ಟು ಹೋಗುವಾಗ ಹುಡುಗನ ಪೋಷಣೆಗೆಂದು ಹಣವನ್ನು ಶ್ರೀರಂಗಪಟ್ಟಣದ ಅಧಿಕಾರಿಯೊಬ್ಬರ ಕೈಯಲ್ಲಿಟ್ಟು ಹೋದನು. ಆ ಅಧಿಕಾರಿ ನಿವೃತ್ತನಾದಾಗ ಮೈಸೂರಿನ ರೆಸಿಡೆಂಟ್ ಆಗಿದ್ದ ಆರ್ಥರ್ ಕೋಲ್ ಆ ಹೊಣೆಯನ್ನು ಹೊತ್ತನು. ಹುಡುಗ ಬುದ್ಧಿವಂತನಾದ ಚೆಲುವ ತರುಣನಾಗಿ ಬೆಳೆದು ಮೈಸೂರು ಮಹಾರಾಜರ ಸೇವೆಗೆ ಸೇರಿದನು. 1822ರಲ್ಲಿ ಕಾಲರಾ ಬೇನೆಗೆ ತುತ್ತಾದನು.

ಈ ಕಥೆಯನ್ನು ಓದಿದಾಗ ಮನಸ್ಸಿಗೆ ಸಂತೋಷವೂ ಸಂಕಟವೂ ಒಟ್ಟಿಗೆ ಆಗುತ್ತವೆ. ಶತ್ರುವಿನ ಮಗುವನ್ನು ಶತ್ರುವೆಂದು ಕಾಣದೆ ಮಗುವೆಂದು ಕಂಡದ್ದು ದೊಡ್ಡ ಗುಣ. ತಾನು ದೇಶ ಬಿಟ್ಟರೂ ಹೊಣೆ ಕೈಯಿಂದ ಕೈಗೆ ಸಾಗುವಂತೆ ಏರ್ಪಾಡು ಮಾಡಿದ್ದು ಇನ್ನೂ ದೊಡ್ಡದು. ಆದರೆ ಆ ಮಗುವನ್ನು ದಿಕ್ಕಿಲ್ಲದವನನ್ನಾಗಿ ಮಾಡಿದ್ದೂ ಅದೇ ದಿನದ ಕಾಳಗ. ಮೇಲಾಗಿ, ಸಲಾಬತ್ ಖಾನನ ಹೆಸರು ನಮಗೆ ತಿಳಿದಿರುವುದು ಅವನು ನಾಯಕನ ಮಗನಾಗಿದ್ದರಿಂದ. ಧೋಂಡಿಯನ ಸಾಮಾನ್ಯ ಸವಾರರ ಮಕ್ಕಳು, ಅವನು ಸೂರೆಗೈದ ಬಿದನೂರಿನ ಹಳ್ಳಿಗಳ ಮಕ್ಕಳು, ಶಿಕಾರಿಪುರದ ಕೋಟೆಯೊಳಗಿದ್ದವರ ಮಕ್ಕಳು ಯಾವ ಡೇರೆಗೂ ಬಂದು ಸೇರಲಿಲ್ಲ.

ಶ್ರೀರಂಗಪಟ್ಟಣದ ನಂತರ

ಅದೇ 1799ರಲ್ಲಿ ನಮ್ಮ ಪೂರ್ವಿಕರ ಕಥೆಯೂ ಒಂದು ತಿರುವು ಪಡೆಯಿತು. 1784ರ ವಿಭೂತಿ ಬುಧವಾರದಂದು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕರೆದೊಯ್ದ ಸಂಗತಿಯನ್ನು ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುತ್ತಾ ಬಂದಿದ್ದಾರೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಮಂದಿ ಸತ್ತರು. ಬದುಕಿ ಉಳಿದವರು ಹದಿನೈದು ವರ್ಷಗಳ ನಂತರ ಬಿಡುಗಡೆ ಹೊಂದಿದರು. ಲೆಕ್ಕ ಹಾಕಿ ನೋಡಿ: ಸೆರೆಯ ಮೊದಲ ವರ್ಷದಲ್ಲಿ ಹುಟ್ಟಿದ ಮಗುವಿಗೆ ಬಿಡುಗಡೆಯ ದಿನ ಹದಿನೈದು ವರ್ಷ. ಅದಕ್ಕೆ ಕಡಲತೀರದ ತನ್ನ ಊರು ಕೇವಲ ಕೇಳಿದ ಕಥೆ. ಅಲ್ಲಿಗೆ ಮರಳಿದರೂ ಪರಿಚಯದ ಮುಖವಿಲ್ಲ, ಕೆಡವಿದ ಚರ್ಚಿನ ಜಾಗದಲ್ಲಿ ಗಿಡಗಂಟಿ.

ಆದರೆ ಯುದ್ಧವು ಒಂದೇ ಕಡೆಯ ಮಕ್ಕಳನ್ನು ನೋಯಿಸುವುದಿಲ್ಲ. 1792ರ ಒಪ್ಪಂದದಂತೆ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳುಗಳಾಗಿ ಲಾರ್ಡ್ ಕಾರ್ನ್‌ವಾಲೀಸನ ಕೈಗೆ ಒಪ್ಪಿಸಲಾಯಿತು. ಅವರು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ದೊಡ್ಡವರ ಸೋಲು ಗೆಲುವುಗಳಿಗೆ ಮಕ್ಕಳು ಜಾಮೀನಾದರು. ನಮ್ಮ ಪೂರ್ವಿಕರ ನೋವನ್ನು ನೆನೆಯುವಾಗ ಈ ಮಕ್ಕಳನ್ನೂ ನೆನೆಯುವುದು ನ್ಯಾಯ.

ಶ್ರೀರಂಗಪಟ್ಟಣದ ಪತನದ ನಂತರ ಅಲ್ಲಿ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಅಬ್ಬೆ ದುಬುವಾ, ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಫ್ರೆಂಚ್ ಗುರು. 1792ರಲ್ಲಿ ಭಾರತಕ್ಕೆ ಬಂದವರು. ಹಿಂದೂ ಆಚಾರ ವ್ಯವಹಾರಗಳನ್ನು ಕುರಿತ ಪುಸ್ತಕದಿಂದ ಅವರು ಪ್ರಸಿದ್ಧರು. ಆದರೆ ಆ ಪುಸ್ತಕಕ್ಕಿಂತ ಅವರ ಕೆಲಸವೇ ನನ್ನ ಮನಸ್ಸನ್ನು ಹೆಚ್ಚು ಸೆಳೆಯುತ್ತದೆ. ಯುದ್ಧದಿಂದ ನಿರ್ಗತಿಕರಾದ ಕುಟುಂಬಗಳಿಗೆ ಅವರು ಬೇಸಾಯದ ನೆಲೆಗಳನ್ನು ಕಲ್ಪಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಬಳಿಯ ಸಾತಹಳ್ಳಿ. ಸಿಡುಬಿನಿಂದ ಮಕ್ಕಳು ಸಾಯುತ್ತಿದ್ದ ಆ ಕಾಲದಲ್ಲಿ, ಜನರ ಅಂಜಿಕೆಯನ್ನು ಎದುರಿಸಿ, ಸಾವಿರಾರು ಮಂದಿಗೆ ಸಿಡುಬಿನ ಲಸಿಕೆ ಹಾಕಿಸಿದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಅಂದರೆ ಮೈಸೂರು ಸೀಮೆಯಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಜನರ ಜೊತೆಗಿದ್ದರು.

ನೋಡಿ, ಇಲ್ಲಿಯೂ ಹಳೆಯ ಕ್ರಮವೇ ಕಾಣುತ್ತದೆ. ಮೊದಲು ಭೂಮಿ, ನೆತ್ತರುಗೊಡಗೆಯ ಹಾಗೆ. ಅನಂತರ ಔಷಧ, ಕೋಡಿಯ ಮಠದ ಹಾಗೆ. ಎಲ್ಲಕ್ಕಿಂತ ಮಿಗಿಲಾಗಿ ಬಿಟ್ಟುಹೋಗದೆ ಉಳಿದುಕೊಂಡ ಒಬ್ಬ ಮನುಷ್ಯ. ಮಕ್ಕಳನ್ನು ತಾಯಿತಂದೆಯರಿಂದ ಬೇರ್ಪಡಿಸಿ ಒಂದು ಕಟ್ಟಡದಲ್ಲಿ ಕೂಡಿಹಾಕುವುದಕ್ಕೆ ಬದಲಾಗಿ, ಕುಟುಂಬವೇ ತನ್ನ ಕಾಲಮೇಲೆ ನಿಲ್ಲುವಂತೆ ಮಾಡಿದ ಈ ದಾರಿ ಇಂದಿಗೂ ಪಾಠವಾಗಿದೆ.

ಶತ್ರುವಿನ ಮಕ್ಕಳು, ಪರದೇಶದ ಮಕ್ಕಳು

ಇಪ್ಪತ್ತನೆಯ ಶತಮಾನದ ಮಹಾಯುದ್ಧಗಳಲ್ಲಿ ಅನಾಥ ಮಕ್ಕಳ ಪ್ರಶ್ನೆ ಇಡೀ ಜಗತ್ತಿನ ಮುಂದೆ ಬಂದಿತು. ಮೊದಲ ಮಹಾಯುದ್ಧ ಮುಗಿದರೂ ಸೋತ ದೇಶಗಳಿಗೆ ಆಹಾರ ಹೋಗದಂತೆ ಹಾಕಿದ್ದ ತಡೆ ಕೆಲವು ಕಾಲ ಮುಂದುವರಿಯಿತು. 1919ರಲ್ಲಿ ಎಗ್ಲಂಟೈನ್ ಜೆಬ್ ಎಂಬ ಇಂಗ್ಲಿಷ್ ಮಹಿಳೆ ಹಸಿವಿನಿಂದ ಸೊರಗಿದ ಆಸ್ಟ್ರಿಯದ ಮಗುವಿನ ಚಿತ್ರವಿದ್ದ ಕರಪತ್ರಗಳನ್ನು ಲಂಡನ್ನಿನಲ್ಲಿ ಹಂಚಿ ಬಂಧನಕ್ಕೊಳಗಾದಳು. ನ್ಯಾಯಾಲಯ ಐದು ಪೌಂಡ್ ದಂಡ ವಿಧಿಸಿತು. ಆಕೆಯ ವಿರುದ್ಧ ವಾದಿಸಿದ ಸರ್ಕಾರಿ ವಕೀಲರೇ ಆ ಹಣವನ್ನು ಕೊಟ್ಟರು. ಅದೇ ವರ್ಷ ಆಕೆ ತನ್ನ ತಂಗಿಯೊಡನೆ 'ಸೇವ್ ದ ಚಿಲ್ಡ್ರನ್' ನಿಧಿಯನ್ನು ಆರಂಭಿಸಿದಳು. ಆಂಗ್ಲಿಕನ್ ಸಭೆಗೆ ಸೇರಿದ ಆಕೆ ರೋಮಿಗೆ ಹೋಗಿ ಪೋಪ್ ಹದಿನೈದನೆಯ ಬೆನೆಡಿಕ್ಟರನ್ನು ಕಂಡಳು. ಪೋಪರು 1919ರ ನವೆಂಬರ್ 24ರ ವಿಶ್ವಪತ್ರದಲ್ಲಿ ಮಧ್ಯ ಯೂರೋಪಿನ ಮಕ್ಕಳಿಗಾಗಿ ಮೊರೆಯಿಟ್ಟು, ಡಿಸೆಂಬರ್ 28ರಂದು, ಹೆರೋದನಿಂದ ಹತರಾದ ಮುಗ್ಧ ಶಿಶುಗಳ ಹಬ್ಬದ ದಿನ, ಜಗತ್ತಿನ ಎಲ್ಲ ಚರ್ಚುಗಳಲ್ಲಿ ಕಾಣಿಕೆ ಎತ್ತುವಂತೆ ಕೇಳಿಕೊಂಡರು. ಗೆದ್ದ ದೇಶಗಳ ಚರ್ಚುಗಳಲ್ಲಿ ಸೋತ ದೇಶಗಳ ಮಕ್ಕಳಿಗಾಗಿ ಜನ ಹಣ ಹಾಕಿದರು. ಜೆಬ್ ಬರೆದ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ ರಾಷ್ಟ್ರಸಂಘ ಅಂಗೀಕರಿಸಿತು. ಮುಂದೆ 1989ರಲ್ಲಿ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು.

ಎರಡನೆಯ ಮಹಾಯುದ್ಧದ ಮಕ್ಕಳು ನಮ್ಮ ನೆರೆಗೇ ಬಂದರು. ಬೆಳಗಾವಿಯ ಗಡಿಯಾಚೆ, ಕೊಲ್ಲಾಪುರದ ಬಳಿಯ ವಳಿವಡೆ ಎಂಬಲ್ಲಿ 1943ರಿಂದ 1948ರವರೆಗೆ ಪೋಲೆಂಡಿನ ಸುಮಾರು ಐದು ಸಾವಿರ ನಿರಾಶ್ರಿತರಿದ್ದರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಸೋವಿಯತ್ ಒಕ್ಕೂಟದ ದೂರ ಪ್ರದೇಶಗಳಿಗೆ ಸಾಗಿಸಲ್ಪಟ್ಟು, ಅಲ್ಲಿಂದ ಇರಾನಿನ ಮೂಲಕ ಬಂದು ಸೇರಿದ ಕಥೋಲಿಕ ಜನ. ಅಲ್ಲಿ ಚರ್ಚು, ಶಾಲೆಗಳು ಮತ್ತು ಒಂದು ಅನಾಥಾಲಯವಿದ್ದವು. ಇದಕ್ಕೂ ಮೊದಲು, 1942ರಲ್ಲಿ, ಗುಜರಾತಿನ ನವಾನಗರದ ಮಹಾರಾಜ ದಿಗ್ವಿಜಯಸಿಂಹಜಿಯವರು ಬಾಲಾಚಡಿಯಲ್ಲಿ ನೂರಾರು ಪೋಲಿಷ್ ಮಕ್ಕಳಿಗೆ ನೆಲೆ ಕೊಟ್ಟಿದ್ದರು. ಇನ್ನು ನೀವು ಅನಾಥರಲ್ಲ, ನಾನು ನಿಮ್ಮ ತಂದೆ ಎಂದು ಅವರು ಆ ಮಕ್ಕಳಿಗೆ ಹೇಳಿದರೆಂದು ಅಲ್ಲಿ ಬೆಳೆದವರು ನೆನೆಯುತ್ತಾರೆ. ಆ ಶಿಬಿರದ ಉಸ್ತುವಾರಿ ಪೋಲಿಷ್ ಗುರು ಫಾದರ್ ಪ್ಲೂಟ ಅವರದು. 1946ರಲ್ಲಿ ಬಾಲಾಚಡಿ ಮುಚ್ಚಿದಾಗ ಉಳಿದ ಮಕ್ಕಳು ವಳಿವಡೆಗೆ ಬಂದರು.

ಹಿಂದೂ ಅರಸನೊಬ್ಬ, ಪರದೇಶದ ಗುರುವೊಬ್ಬ, ತಮ್ಮ ರಕ್ತಸಂಬಂಧವಿಲ್ಲದ ಮಕ್ಕಳಿಗೆ ಬಾಂಧವರಾದರು. ಅಂದು ಇಲ್ಲಿ ಬೆಳೆದವರು ಮುದಿವಯಸ್ಸಿನಲ್ಲಿ ಕೊಲ್ಲಾಪುರಕ್ಕೆ ಮರಳಿ ಬಂದು, ತಾವಿದ್ದ ಜಾಗವನ್ನು ನೋಡಿ, ಹಳೆಯ ಪರಿಚಿತರನ್ನು ಅರಸಿ ಹೋದದ್ದುಂಟು. ಕೊಲ್ಲಾಪುರದ ಮಹಾವೀರ ಉದ್ಯಾನದಲ್ಲಿ ಅವರ ನೆನಪಿನ ಸ್ತಂಭವಿದೆ. ಯುದ್ಧದ ನೆನಪಿಗೆ ನಿಂತ ಕಲ್ಲುಗಳಲ್ಲಿ, ಬದುಕಿ ಉಳಿದ ಮಕ್ಕಳನ್ನು ನೆನೆಯುವ ಕಲ್ಲು ಅದು.

ನಾವು ಹೋಗುವ ಭೇಟಿಗಳು

ಇಷ್ಟನ್ನು ಬರೆದ ಮೇಲೆ ನನ್ನದೇ ಒಂದು ತಪ್ಪನ್ನು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಗುರುದೀಕ್ಷೆಯಾದ ಹೊಸತರಲ್ಲಿ ಕೆಲವು ಕುಟುಂಬಗಳನ್ನು ಕರೆದುಕೊಂಡು ಒಂದು ಮಕ್ಕಳ ನಿಲಯಕ್ಕೆ ಹೋಗಿದ್ದೆ. ಕೇಕು ಕತ್ತರಿಸಿದೆವು, ಬಟ್ಟೆ ಹಂಚಿದೆವು, ಮಕ್ಕಳಿಂದ ಹಾಡು ಹೇಳಿಸಿದೆವು, ಸಾಲಾಗಿ ನಿಲ್ಲಿಸಿ ಫೋಟೋ ತೆಗೆದೆವು. ಹೊರಡುವಾಗ ಪುಟ್ಟ ಹುಡುಗಿಯೊಬ್ಬಳು ನನ್ನ ನಿಲುವಂಗಿಯನ್ನು ಹಿಡಿದು, "ಮತ್ತೆ ಯಾವಾಗ ಬರುತ್ತೀರಿ ಫಾದರ್?" ಎಂದಳು. "ಬೇಗ ಬರುತ್ತೇನೆ" ಎಂದೆ. ಬೇರೆ ಊರಿಗೆ ವರ್ಗವಾಯಿತು, ಕೆಲಸಗಳು ಹೆಚ್ಚಿದವು, ನಾನು ಹೋಗಲಿಲ್ಲ. ಅವಳು ಎಷ್ಟು ದಿನ ಕಾದಳೋ. ಆ ದಿನ ನಾನು ಅವಳಿಗೆ ಆಹಾರ ಕೊಟ್ಟಿದ್ದೆ, ಅಭಯ ಕೊಡಲಿಲ್ಲ. ಸುಳ್ಳು ಮಾತು ಕೊಟ್ಟು, ಅವಳಲ್ಲಿದ್ದ ಅಷ್ಟಿಷ್ಟು ಭರವಸೆಯನ್ನೂ ಕಡಿಮೆ ಮಾಡಿ ಬಂದೆ.

ತಂದೆತಾಯಿಯರನ್ನು ಕಳೆದುಕೊಂಡ ಮಗುವಿನ ಮನಸ್ಸಿನಲ್ಲಿ ಯಾವಾಗಲೂ ಇರುವ ಭಯ ಒಂದೇ: ಇವರೂ ನನ್ನನ್ನು ಬಿಟ್ಟುಹೋಗುತ್ತಾರೆ ಎಂಬುದು. ಕಾರಣ ಯುದ್ಧವಾಗಲಿ, ರೋಗವಾಗಲಿ, ಅಪಘಾತವಾಗಲಿ, ಈ ಭಯ ಬೇರೆಯಾಗುವುದಿಲ್ಲ. ಅದನ್ನು ಹೋಗಲಾಡಿಸುವುದು ಮತ್ತೆ ಮತ್ತೆ ಬರುವ ಮನುಷ್ಯ ಮಾತ್ರ. ಒಂದು ದಿನದಲ್ಲಿ ಹತ್ತು ಜನರಿಂದ ಸಿಗುವ ಪ್ರೀತಿಗಿಂತ, ಹತ್ತು ವರ್ಷ ಒಬ್ಬರಿಂದ ಸಿಗುವ ಪ್ರೀತಿ ಅದಕ್ಕೆ ಬೇಕು.

ನಮ್ಮ ದೇಶದ ಕಾನೂನು ಕೂಡ ಈಗ ಇದೇ ಕಡೆಗೆ ಬಂದಿದೆ. 2015ರ ಬಾಲನ್ಯಾಯ ಕಾಯಿದೆ ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ಉಪಾಯವಾಗಿರಬೇಕು ಎನ್ನುತ್ತದೆ. ಮೊದಲು ಸ್ವಂತ ಕುಟುಂಬ, ಅದಾಗದಿದ್ದರೆ ಬಂಧುಗಳು, ದತ್ತು ಅಥವಾ ಪೋಷಕ ಕುಟುಂಬ. ಬಡತನದಿಂದ ಮಗುವನ್ನು ಸಾಕಲಾರದ ತಾಯಿಗೆ ನೆರವು ನೀಡಿ ಮಗುವನ್ನು ಅವಳ ಬಳಿಯೇ ಉಳಿಸುವ ಪ್ರಾಯೋಜಕತ್ವದ ವ್ಯವಸ್ಥೆಯೂ ಅದರಲ್ಲಿದೆ. ಜಕ್ಕಿಯಬ್ಬೆಯ ಕೈಗೆ ಹೊಣೆ ಕೊಟ್ಟ ನಾಗರಖಂಡದವರಿಗೆ ಈ ಮಾತು ಹೊಸದಾಗಿ ತೋರುತ್ತಿರಲಿಲ್ಲ.

ಆದ್ದರಿಂದ ಧರ್ಮಕೇಂದ್ರದ ಕುಟುಂಬಗಳಲ್ಲಿ ನನ್ನ ವಿನಂತಿ ಇಷ್ಟೇ. ಹುಟ್ಟುಹಬ್ಬಕ್ಕೆ ಮಕ್ಕಳ ನಿಲಯಕ್ಕೆ ಊಟ ಕೊಡುವುದು ಒಳ್ಳೆಯದೇ, ಅದನ್ನು ನಿಲ್ಲಿಸಬೇಡಿ. ಆದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಬೇಡಿ. ಬರುತ್ತೇವೆಂದು ಹೇಳಿದರೆ ಬನ್ನಿ, ಬರಲಾಗದಿದ್ದರೆ ಹೇಳಬೇಡಿ. ನಿಲಯದ ಹಿರಿಯರ ಒಪ್ಪಿಗೆ ಪಡೆದು ಒಂದು ಮಗುವಿನ ಶಾಲೆಯ ಖರ್ಚನ್ನು ಅದು ಓದು ಮುಗಿಸುವವರೆಗೆ ಹೊರಲು ಸಾಧ್ಯವೇ ಎಂದು ಯೋಚಿಸಿ. ಅದಕ್ಕೂ ಮೊದಲು ನಿಮ್ಮ ಬೀದಿಯಲ್ಲಿಯೇ, ನಿಮ್ಮ ನೆಂಟರಲ್ಲಿಯೇ, ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಸಾಕುತ್ತಿರುವ ತಾಯಿ ಇದ್ದಾಳೆಯೇ ನೋಡಿ. ಅವಳ ಕೈ ಬಲವಾದರೆ ಒಂದು ಮಗು ನಿಲಯಕ್ಕೆ ಹೋಗುವುದು ತಪ್ಪುತ್ತದೆ.

ಬಂದಳಿಕೆಯಿಂದ ಮರಳುವಾಗ ಆ ಹುಡುಗ ಜೀಪಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ. ಅವನು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿ ತಿಳಿಸುತ್ತೇನೆ ಎಂದು ಹೇಳಿದ್ದೆ. ಆ ಮಾತನ್ನು ಉಳಿಸಿಕೊಳ್ಳಲು ಮುಂದಿನ ತಿಂಗಳು ಅವನ ನಿಲಯಕ್ಕೆ ಹೋಗಿ, ನೆತ್ತರುಗೊಡಗೆಯ ವಿಷಯವನ್ನೂ ಜಕ್ಕಿಯಬ್ಬೆಯ ಮಗಳ ವಿಷಯವನ್ನೂ ಹೇಳಿದೆ. ಅವನು ಕೇಳಿಸಿಕೊಂಡು, "ಮುಂದಿನ ತಿಂಗಳೂ ಬರುತ್ತೀರಾ?" ಎಂದ. ಹೋದೆ. ಈಗ ಅವನು ಕಾಲೇಜಿನಲ್ಲಿ ಓದುತ್ತಿದ್ದಾನೆ. ರಜೆ ಬಂದಾಗ ಅವನೇ ನನ್ನನ್ನು ನೋಡಲು ಬರುತ್ತಾನೆ.